ಕಟ್ಟೆಯೋ, ಕಲ್ಯಾಣಿಯೋ, ಸಂತೆಯೋ? ಊರಿನ ಗುರುತಿನ ಜಾಗಕ್ಕೆ ದುಡ್ಡು ಹಾಕುವ ಮುನ್ನ

ಅನುದಾನ ಬಂದಿದೆ, ಮಾರ್ಚ್ ಒಳಗೆ ಖರ್ಚಾಗಬೇಕು, ವಾರ್ಡಿನಲ್ಲಿ ಒಮ್ಮತವಿಲ್ಲ. ಈಚೆಗೆ ಓದುಗರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇದೇ ಧಾಟಿಯವು. ಒಬ್ಬರಿಗೆ ಸರ್ಕಲ್ಲಿನಲ್ಲಿ ಡೊಳ್ಳು ಕುಣಿತದ ಬೊಂಬೆ ನಿಲ್ಲಿಸಬೇಕು. ಇನ್ನೊಬ್ಬರಿಗೆ ಹೂತುಹೋದ ಕಲ್ಯಾಣಿಯನ್ನು ಮೇಲೆತ್ತಬೇಕು. ಯುವಕ ಸಂಘದವರಿಗೆ ಬಯಲು ರಂಗಮಂದಿರ ಬೇಕು, ವ್ಯಾಪಾರಿಗಳಿಗೆ ಸಂತೆಮಾಳಕ್ಕೆ ಸೂರು ಬೇಕು. ಎಲ್ಲರೂ ಹೇಳುವುದು ಮಾತ್ರ ಒಂದೇ: ‘ನಮ್ಮೂರಿನ ಸಂಸ್ಕೃತಿ ಎದ್ದು ಕಾಣಬೇಕು.’

ನನ್ನ ಒಲವು ಯಾವ ಕಡೆಗೆಂದು ಮೊದಲೇ ಹೇಳಿಬಿಡುತ್ತೇನೆ, ಓದುವಾಗ ಅದನ್ನು ಕಳೆದು ಓದಿಕೊಳ್ಳಬಹುದು. ಸಂಸ್ಕೃತಿಯನ್ನು ತೋರಿಸುವ ಜಾಗಕ್ಕಿಂತ ಸಂಸ್ಕೃತಿ ನಡೆಯುವ ಜಾಗಕ್ಕೆ ದುಡ್ಡು ಹಾಕುವುದು ಮೇಲು ಎನ್ನುವವನು ನಾನು. ಜಾತ್ರೆ, ಸಂತೆ, ಆಟ, ಹರಟೆ ಇವೆಲ್ಲ ಈಗಾಗಲೇ ಎಲ್ಲೋ ಒಂದು ಕಡೆ ನಡೆಯುತ್ತಿರುತ್ತವೆ. ಅವಕ್ಕೆ ಅನುಕೂಲ ಮಾಡಿಕೊಡದೆ ಪಕ್ಕದಲ್ಲಿ ಅವುಗಳದೇ ಗೊಂಬೆ ನಿಲ್ಲಿಸುವುದು ನನಗೆ ಒಗ್ಗುವುದಿಲ್ಲ. ಹಾಗೆಂದು ಗೋಡೆಚಿತ್ರ ದಂಡ ಎನ್ನುತ್ತಿಲ್ಲ, ಅದಕ್ಕೂ ಅದರದೇ ಸಂದರ್ಭವಿದೆ.

ಮೊದಲು ಅಳತೆಗೋಲು

ಯಾವ ಆಯ್ಕೆ ಮುಂದಿದ್ದರೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಎಸ್ಟಿಮೇಟ್ ಮಾಡಿಸಬೇಡಿ.

ಆ ಜಾಗದಲ್ಲಿ ಈಗ ಏನು ನಡೆಯುತ್ತಿದೆ? ಇದನ್ನು ಕಚೇರಿಯಲ್ಲಿ ಕುಳಿತು ಬರೆಯಲಾಗದು. ಸಾಧಾರಣ ದಿನದ ಬೆಳಿಗ್ಗೆ, ಸಂಜೆ, ಸಂತೆಯ ದಿನ, ಹಬ್ಬದ ರಾತ್ರಿ ಅಲ್ಲಿ ನಿಂತು ನೋಡಬೇಕು. ವರ್ಷಕ್ಕೊಮ್ಮೆ ಮಾತ್ರ ನಡೆಯುವುದನ್ನು ಕೇಳಿ ತಿಳಿಯಬೇಕು. ನಕ್ಷೆ ಬರೆಯುವವರು ಸಾಮಾನ್ಯವಾಗಿ ಮಂಗಳವಾರ ಮಧ್ಯಾಹ್ನ ಬರುತ್ತಾರೆ, ಆಗ ಅವರಿಗೆ ಕಾಣುವುದು ನಿಲ್ಲಿಸಿದ ಬೈಕುಗಳು ಮಾತ್ರ.

ಯಾರ ಗುರುತು? ಒಂದು ಊರಿಗೆ ಒಂದೇ ಸಮುದಾಯ ಇರುವುದಿಲ್ಲ. ಬೆಂಗಳೂರು ಕರಗವನ್ನೇ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಗುಡಿಯ ಮುಂದಿನ ಚೌಕವನ್ನಷ್ಟೇ ‘ಪಾರಂಪರಿಕ’ ಎಂದು ಚೆಂದ ಮಾಡಿ ದಾರಿಯನ್ನು ಮರೆತರೆ ಅರ್ಧ ಕರಗವನ್ನೇ ಮರೆತಂತೆ. ನಿಮ್ಮ ವಾರ್ಡಿನಲ್ಲೂ ಇಂಥ ದಾರಿಯೊಂದು ಇದ್ದೀತು. ಹುಡುಕಿ.

ಜಾಗ ಯಾರದು? ನಗರಸಭೆಯದೋ, ಮುಜರಾಯಿಯದೋ, ಲೋಕೋಪಯೋಗಿ ಇಲಾಖೆಯದೋ, ಪುರಾತತ್ವದವರದೋ? ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ವಿಜಯಪುರ, ಬೀದರ್, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಇದೊಂದೇ ಪ್ರಶ್ನೆ ಅರ್ಧ ಆಯ್ಕೆಗಳನ್ನು ತೆಗೆದುಹಾಕುತ್ತದೆ.

ಮೂರನೇ ವರ್ಷ ಕಸ ಹೊಡೆಯುವವರು ಯಾರು? ಉದ್ಘಾಟನೆಯ ದಿನ ಎಲ್ಲವೂ ಚೆಂದವೇ.

ಕೊನೆಯದು, ಕೆಲಸ ಯಾರ ಕೈಗೆ ಹೋಗುತ್ತದೆ? ಕರಾವಳಿಯಲ್ಲಿ ಕೆಂಪುಕಲ್ಲು, ಕಲಬುರಗಿ ಕಡೆ ಶಹಾಬಾದಿ ಫರಸಿ, ಬೆಂಗಳೂರು–ಕೋಲಾರದ ಸುತ್ತ ಕಣಶಿಲೆಯ (ಗ್ರಾನೈಟ್) ಚಪ್ಪಡಿ. ಊರಿನ ಕಲ್ಲಿಗೆ ಊರಿನ ಕಲ್ಲುಕುಟಿಗರು ಸಿಗುತ್ತಾರೆ, ನಾಳೆ ಒಂದು ಚಪ್ಪಡಿ ಒಡೆದರೆ ಅಂಥದೇ ಇನ್ನೊಂದು ಸಿಗುತ್ತದೆ. ಎಲ್ಲಿಂದಲೋ ತರಿಸಿದ ಬಣ್ಣದ ಇಂಟರ್‌ಲಾಕ್ ಕಿತ್ತುಬಂದರೆ ಆ ಬಣ್ಣ ಮತ್ತೆ ಸಿಗುವುದಿಲ್ಲ, ಗುಂಡಿಗೆ ಸಿಮೆಂಟ್ ಬೀಳುತ್ತದೆ.

ಗೋಡೆಚಿತ್ರ ಮತ್ತು ಸರ್ಕಲ್ ಬೊಂಬೆ

ಅಗ್ಗ, ಬೇಗ, ಫೋಟೊಗೆ ಚೆಂದ. ಎರಡು ವಾರದಲ್ಲಿ ಮುಗಿಯುವ ಕೆಲಸ ಬೇರೊಂದಿಲ್ಲ. ಕಸ ಸುರಿಯುವ ಮೂಲೆಯನ್ನು ಬಿಡಿಸಲು ಗೋಡೆಚಿತ್ರ ನೆರವಾಗುತ್ತದೆ, ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್‌ನ ಸ್ವಚ್ಛತಾ ಅಭಿಯಾನದವರು ಇದನ್ನು ಚೆನ್ನಾಗಿ ಬಳಸಿಕೊಂಡರು. ತೊಂದರೆಗಳು ಎರಡು. ಮೊದಲನೆಯದು ಮಳೆ. ಗೋಡೆಗೆ ಪ್ರೈಮರ್ ಹೊಡೆಯದೆ, ಮೇಲಿನ ಅಂಚಿಗೆ ನೀರಿಳಿಯದಂತೆ ಮಾಡದೆ ಬಣ್ಣ ಬಳಿದರೆ ಮಲೆನಾಡು, ಕರಾವಳಿಯಲ್ಲಿ ಪಾಚಿ ಬೇಗ ಗೆಲ್ಲುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಎಲ್ಲ ಊರಿನ ಗೋಡೆಯೂ ಒಂದೇ ಆಗಿಬಿಟ್ಟಿದೆ. ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಡೊಳ್ಳು, ಜ್ಞಾನಪೀಠ ಪಡೆದವರ ಸಾಲು. ಚಾಮರಾಜನಗರದ ಗೋಡೆಗೆ ಯಕ್ಷಗಾನ ಏಕೆ? ಅಲ್ಲಿ ಮಾದಪ್ಪನ ಕಂಸಾಳೆ ಇದೆ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ ಇದೆ. ಬೀದರಿನಲ್ಲಿ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ವಿನ್ಯಾಸಗಳಿವೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಗೆರೆಗಳವು. ಅದನ್ನು ಫ್ಲೆಕ್ಸ್ ಅಂಗಡಿಯವರಿಂದ ನಕಲು ಮಾಡಿಸದೆ, ಬರೆಯಬಲ್ಲವರನ್ನೇ ಕರೆದು, ದಿನಗೂಲಿಯಲ್ಲ, ಕಲಾವಿದರ ಸಂಭಾವನೆ ಕೊಟ್ಟು ಬರೆಸಿದರೆ ನನ್ನ ತಕರಾರಿಲ್ಲ.

ಫೈಬರ್ ಬೊಂಬೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಲಿಗೆ ಬಣ್ಣ ಹೋಗುತ್ತದೆ, ಬೆರಳು ಮುರಿಯುತ್ತದೆ, ಆಮೇಲೆ ಅದನ್ನು ತೆಗೆಸುವ ಧೈರ್ಯ ಯಾರಿಗೂ ಬರುವುದಿಲ್ಲ.

ಕಟ್ಟೆ

ಲಕ್ಷಗಳ ಲೆಕ್ಕದಲ್ಲಿ ಮುಗಿಯುವ, ಅತಿ ಹೆಚ್ಚು ದಿನ ಬಳಕೆಗೆ ಬರುವ ಆಯ್ಕೆ ಇದು. ಅರಳಿ–ಬೇವಿನ ಜೋಡಿ, ಬುಡದಲ್ಲಿ ನಾಗರಕಲ್ಲು, ಸುತ್ತ ಕೂರುವ ಜಾಗ. ಬೆಳಿಗ್ಗೆ ಪ್ರದಕ್ಷಿಣೆ, ಹತ್ತು ಗಂಟೆಗೆ ಹೂವಿನವರು, ಮಧ್ಯಾಹ್ನ ಆಟೋದವರು, ಸಂಜೆ ಹಿರಿಯರ ಹರಟೆ. ಒಂದೇ ಮರದ ಕೆಳಗೆ ನಾಲ್ಕು ಪಾಳಿ ನಡೆಯುತ್ತದೆ.

ಕೆಡುವುದು ‘ಅಭಿವೃದ್ಧಿ’ಯಲ್ಲೇ. ಎಸ್ಟಿಮೇಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಬುಡದ ತನಕ ಕಾಂಕ್ರೀಟ್, ಮೇಲೆ ನುಣುಪು ಟೈಲ್ಸ್, ಸುತ್ತ ಸ್ಟೀಲ್ ಗ್ರಿಲ್, ಒಂದು ಗೇಟ್, ಆ ಗೇಟಿಗೊಂದು ಬೀಗ. ಬೇರಿಗೆ ಉಸಿರಿಲ್ಲ, ಮಳೆಗೆ ಟೈಲ್ಸ್ ಜಾರುತ್ತದೆ, ಬೇಸಗೆಯಲ್ಲಿ ಸುಡುತ್ತದೆ. ಕೂರಲು ಬೇಕಾದದ್ದು ಒರಟು ಚಪ್ಪಡಿ. ಎತ್ತರ ಒಂದೂವರೆ ಅಡಿಯ ಆಸುಪಾಸು, ಅಗಲ ಚಕ್ಕಲಮಕ್ಕಲ ಹಾಕಿ ಕೂರುವಷ್ಟು. ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ. ಬೇರು ಕಲ್ಲನ್ನು ಎತ್ತಿದ್ದರೆ ಕಲ್ಲನ್ನು ಸರಿಸಿ, ಬೇರನ್ನು ಕಡಿಯಬೇಡಿ. ಕೊಂಬೆ ಕಡಿಯಲೇಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಿರಿ.

ಹಳೆಯ ಕಲ್ಲು ಕೀಳುವ ಮುನ್ನ ಒಮ್ಮೆ ನೀರು ಹಾಕಿ ತೊಳೆದು ನೋಡಿ. ಹಲವು ಕಟ್ಟೆಗಳ ಚಪ್ಪಡಿಯ ಮೇಲೆ ಹುಲಿ–ಕುರಿ ಆಟದ ಗೆರೆ ಕೊರೆದಿರುತ್ತಾರೆ. ತ್ರಿಕೋನದೊಳಗೆ ಅಡ್ಡಗೆರೆಗಳು, ಕೈತಾಗಿ ನುಣುಪಾದ ಮನೆಗಳು. ಕೆಲವೆಡೆ ಚೌಕಾಬಾರದ ಮನೆಗಳೂ ಸಿಗುತ್ತವೆ. ಅಂಥ ಕಲ್ಲನ್ನು ಗುತ್ತಿಗೆದಾರರು ಡೆಬ್ರಿ ಜೊತೆ ಟ್ರ್ಯಾಕ್ಟರ್‌ಗೆ ತುಂಬಿಸುತ್ತಾರೆ. ಅದನ್ನು ತೆಗೆದಿಟ್ಟು ಮತ್ತೆ ಅಲ್ಲೇ ಕೂರಿಸಬೇಕೆಂದು ಟೆಂಡರ್‌ನಲ್ಲಿ ಒಂದು ಸಾಲು ಬರೆಸಿ. ನಯಾಪೈಸೆ ಹೆಚ್ಚುವರಿ ಖರ್ಚಿಲ್ಲ.

ಕಟ್ಟೆಗೂ ಒಂದು ಕೊರತೆಯಿದೆ, ಅದನ್ನು ಮುಚ್ಚಿಟ್ಟು ಹೊಗಳಲಾಗದು. ಬಹಳ ಊರುಗಳಲ್ಲಿ ಕಟ್ಟೆ ಎಂದರೆ ಗಂಡಸರ ಜಾಗ, ಅದರಲ್ಲೂ ಕೆಲವು ಜಾತಿಯವರದು. ಪೂಜೆಗೆ ಬರುವ ಹೆಣ್ಣುಮಕ್ಕಳು ಪೂಜೆ ಮುಗಿಸಿ ಹೊರಡುತ್ತಾರೆ, ಕೂರುವುದಿಲ್ಲ. ಇದ್ದದ್ದನ್ನೇ ದುರಸ್ತಿ ಮಾಡಿದರೆ ಇದ್ದ ತಾರತಮ್ಯವೂ ಗಟ್ಟಿಯಾಗುತ್ತದೆ. ಅದೇ ದುಡ್ಡಿನಲ್ಲಿ ಅಂಗನವಾಡಿ ಮುಂದೆಯೋ ನೀರಿನ ಟ್ಯಾಂಕ್ ಪಕ್ಕವೋ ಇನ್ನೊಂದು ಪುಟ್ಟ ಕಟ್ಟೆ ಕಟ್ಟಿಸಿ, ದೀಪ ಹಾಕಿಸಿ.

ಕಲ್ಯಾಣಿ, ಪುಷ್ಕರಣಿ, ಬಾವಿ

ಮನಸ್ಸು ಸೆಳೆಯುವುದು ಇದೇ, ಕೈ ಸುಡುವುದೂ ಇದೇ. ಬೆಂಗಳೂರಿನ ಮಲ್ಲೇಶ್ವರದ ದಕ್ಷಿಣಾಭಿಮುಖ ನಂದಿತೀರ್ಥದ ಗುಡಿ, ಕಲ್ಯಾಣಿ 1997ರಲ್ಲಿ ಮಣ್ಣಿನಡಿಯಿಂದ ಹೊರಬಂದ ಕಥೆ ಎಲ್ಲರಿಗೂ ಗೊತ್ತು, ಹೀಗಾಗಿ ಪ್ರತಿ ಬಡಾವಣೆಗೂ ತನ್ನ ಕೆಳಗೂ ಒಂದು ಇರಬಹುದೆಂಬ ಆಸೆ. ಇದ್ದರೆ ಪುಣ್ಯ. ಆದರೆ ಕಲ್ಯಾಣಿಯ ಕಲ್ಲಿಗಿಂತ ಮೊದಲು ನೋಡಬೇಕಾದದ್ದು ನೀರಿನ ದಾರಿ. ಕಾಲುವೆಯ ಮೇಲೆ ಮನೆಗಳೆದ್ದಿದ್ದರೆ, ಒಳಹರಿವಿಗೆ ಚರಂಡಿ ಸೇರಿದ್ದರೆ ಎಷ್ಟು ಹೂಳೆತ್ತಿದರೂ ಎರಡನೇ ಮಳೆಗಾಲಕ್ಕೆ ಮೊದಲಿನ ಸ್ಥಿತಿಯೇ. ಬೋರ್‌ವೆಲ್ ನೀರು ಬಿಟ್ಟು ತುಂಬಿಸುವ ಯೋಜನೆ ಬಂದರೆ ಕರೆಂಟ್ ಬಿಲ್ ಯಾರ ತಲೆಗೆ ಎಂದು ಅಲ್ಲೇ ಕೇಳಿ.

ಹಳೆಯ ಕಲ್ಯಾಣಿಗಳ ಮೆಟ್ಟಿಲುಗಳನ್ನು ಸಾಮಾನ್ಯವಾಗಿ ಗಾರೆಯಿಲ್ಲದೆ ಕಲ್ಲಿನ ಭಾರದಲ್ಲೇ ಕೂರಿಸಿರುತ್ತಾರೆ. ಸಂದುಗಳಿಂದ ಅಂತರ್ಜಲ ಜಿನುಗಿ ಒಳಗೆ ಬರಬೇಕು. ಆ ಸಂದುಗಳಿಗೆ ಸಿಮೆಂಟ್ ತುಂಬಿದರೆ ನೀರು ಹಿಂದೆ ನಿಂತು ಗೋಡೆಯನ್ನೇ ದೂಡುತ್ತದೆ. ಬಿಚ್ಚುವಾಗ ಪ್ರತಿ ಕಲ್ಲಿಗೂ ನಂಬರ್ ಬರೆದು, ಫೋಟೊ ತೆಗೆದು, ಅದೇ ಕ್ರಮದಲ್ಲಿ ಜೋಡಿಸಬೇಕು. ಇದು ರಸ್ತೆ ಗುತ್ತಿಗೆದಾರರ ಕೆಲಸವಲ್ಲ. ಕೋಟಿಯ ಲೆಕ್ಕಕ್ಕೆ ಏರುವುದೂ ಇಲ್ಲೇ.

ಬೆಂಗಳೂರಿನಲ್ಲಿ ಇದರ ತದ್ವಿರುದ್ಧದ ಉದಾಹರಣೆಯೂ ಇದೆ. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂತು, ಕರಗದ ವಿಧಿಗೆಂದು ಒಂದು ಪುಟ್ಟ ಕೊಳವಷ್ಟೇ ಉಳಿಯಿತು. ಆ ಕೆರೆನೀರಿನಲ್ಲಿ ತರಕಾರಿ ಬೆಳೆದ, ಕರಗ ಹೊರುವ ತಿಗಳ ಸಮುದಾಯದವರ ಬದುಕಿಗೂ ಕರಗಕ್ಕೂ ಇದ್ದ ನಂಟನ್ನು ಆ ಕೊಳ ಒಂದು ರಾತ್ರಿಯ ಮಟ್ಟಿಗೆ ನೆನಪಿಸುತ್ತದೆ. ನಿಮ್ಮೂರಿನ ಕೆರೆ ಇನ್ನೂ ಇದ್ದರೆ, ಅದರ ಅಂಚಿಗೆ ವಾಕಿಂಗ್ ಟ್ರ್ಯಾಕ್ ಹಾಕುವ ಮೊದಲು ಅಲ್ಲಿ ಯಾರು ಯಾವ ದಿನ ನೀರಿಗಿಳಿಯುತ್ತಾರೆಂದು ಕೇಳಿ. ಬೇಲಿಯಲ್ಲಿ ಆ ದಾರಿಯನ್ನು ಬಿಡಿ. ಗಣೇಶ ವಿಸರ್ಜನೆಗೆ ಬೇರೆಯೇ ಸಣ್ಣ ಕಲ್ಯಾಣಿ ಕಟ್ಟುವ ಬೆಂಗಳೂರಿನ ಪದ್ಧತಿ ಅನುಸರಿಸಲು ಯೋಗ್ಯ. ಹಬ್ಬವೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ.

ಸಂತೆ, ಮಾರುಕಟ್ಟೆ

ನನ್ನನ್ನು ಕೇಳಿದರೆ ಒಂದು ಊರಿನ ಗುರುತು ಅತ್ಯಂತ ದಟ್ಟವಾಗಿರುವುದು ಇಲ್ಲಿ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದವರಿಗೆ ಮೈಸೂರು ಮಲ್ಲಿಗೆ, ಚಿಗುರೆಲೆ, ನಂಜನಗೂಡು ರಸಬಾಳೆ ಯಾವುದೆಂದು ಫಲಕ ಹಾಕಿ ತಿಳಿಸಬೇಕಾಗಿಲ್ಲ. ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಬಂದದ್ದು ಆಮೇಲೆ, ಮಾರುಕಟ್ಟೆಯ ಮಾನ್ಯತೆ ಮೊದಲೇ ಇತ್ತು. 2016ರಲ್ಲಿ ಅದರ ಒಂದು ಭಾಗ ಕುಸಿಯಿತು. ಉಳಿಸಿ ದುರಸ್ತಿ ಮಾಡುವುದೋ, ಕೆಡವಿ ಹೊಸದು ಕಟ್ಟುವುದೋ ಎಂಬ ವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲೇರಿತು. ವ್ಯಾಪಾರಿಗಳು ಆ ಕಾಲವಿಡೀ ಅತಂತ್ರರಾಗಿದ್ದರು. ಮಾರುಕಟ್ಟೆಯ ಕೆಲಸ ಕೈಗೆತ್ತಿಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು, ಸಣ್ಣ ದುರಸ್ತಿಯನ್ನು ಮುಂದೂಡುತ್ತ ಹೋದರೆ ಕೊನೆಗೆ ಉಳಿಯುವುದು ದೊಡ್ಡ ಜಗಳ ಎಂಬುದು.

ಇಲ್ಲಿ ಎರಡು ಬಗೆಯ ಪ್ರಸ್ತಾವ ಬರುತ್ತದೆ. ಒಂದು, ಹಳೆಯದನ್ನು ಕೆಡವಿ ಮೂರಂತಸ್ತಿನ ಸಂಕೀರ್ಣ. ಕೆಳಗೆ ಪಾರ್ಕಿಂಗ್, ಮೇಲೆ ಶಟರ್ ಅಂಗಡಿ. ನಗರಸಭೆಗೆ ಬಾಡಿಗೆ ಹೆಚ್ಚು ಎಂದು ಕಾಗದ ಹೇಳುತ್ತದೆ. ಸೊಪ್ಪು ಕೊಳ್ಳಲು ಯಾರೂ ಮಹಡಿ ಹತ್ತುವುದಿಲ್ಲ ಎಂಬುದನ್ನು ಕಾಗದ ಹೇಳುವುದಿಲ್ಲ. ಮೇಲಂತಸ್ತು ಖಾಲಿ ಬಿದ್ದು, ಸೊಪ್ಪಿನವರು ಮತ್ತೆ ಗೇಟಿನ ಮುಂದೆ ಗೋಣಿ ಹಾಸಿ ಕೂರುವುದು ನಾವೆಲ್ಲ ಕಂಡದ್ದೇ. ಇನ್ನೊಂದು ಬಗೆ ಸರಳ: ನೆಲ ಎತ್ತರಿಸಿ ನೀರು ಹರಿದುಹೋಗುವಂತೆ ಮಾಡುವುದು, ಎತ್ತರದ ಸೂರು, ಕೂತು ಮಾರಲು ಜಗುಲಿ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ರಾತ್ರಿ ಮಾಲು ಇಡಲು ಬೀಗದ ಕೋಣೆ. ಫೋಟೊದಲ್ಲಿ ಇದು ಸಾಮಾನ್ಯವಾಗಿ ಕಾಣುತ್ತದೆ, ಆದರೆ ಹಿಂದಿನ ವ್ಯಾಪಾರಿಗಳೇ ಮುಂದುವರಿಯುತ್ತಾರೆ.

ಕಾನೂನೂ ನಿಮ್ಮ ಪರವಾಗಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಐವತ್ತು ವರ್ಷಕ್ಕೂ ಮೀರಿ ಒಂದೇ ಕಡೆ ನಡೆದುಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸುವಂತಿಲ್ಲ. ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ 40 ಶೇಕಡ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರರಲ್ಲೊಂದು ಭಾಗ ಮಹಿಳೆಯರು. ನಿಮ್ಮ ಸಂತೆ ಅಜ್ಜನ ಕಾಲದ್ದಾದರೆ ಆ ಘೋಷಣೆ ಆಗಿದೆಯೇ ಎಂದು ಮೊದಲು ವಿಚಾರಿಸಿ. ಅನುದಾನ ಒಂದು ರೂಪಾಯಿ ಇಲ್ಲದಿದ್ದರೂ ಮಾಡಬಹುದಾದ ಕೆಲಸ ಇದು.

ರಥಬೀದಿ, ಪರಿಷೆಯ ಬೀದಿ

ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಹೊಸ ರೂಪದಲ್ಲಿ ತೆರೆದ ಮೇಲೆ ಎಲ್ಲ ಊರಿಗೂ ಅಂಥದೇ ಬೇಕಾಗಿದೆ. ಪುಸ್ತಕದಂಗಡಿ, ಕಾಫಿ, ಸಂಜೆಯ ಸುತ್ತಾಟದ ಬೀದಿಗೆ ಅದು ಹೊಂದುತ್ತದೆ. ತೇರು ಎಳೆಯುವ ಬೀದಿಯ ಲೆಕ್ಕ ಬೇರೆ. ತೇರಿನ ಭಾರ ಕೆಲವೇ ಗಾಲಿಗಳ ಮೇಲೆ ಬೀಳುತ್ತದೆ. ದಿಕ್ಕು ತಿರುಗಿಸಲು ಗಾಲಿಯಡಿಗೆ ಮರದ ತುಂಡು ಕೊಟ್ಟಾಗ ಇಂಟರ್‌ಲಾಕ್ ಇಟ್ಟಿಗೆ ಸರಿಯುತ್ತದೆ, ಹಗುರ ಮ್ಯಾನ್‌ಹೋಲ್ ಮುಚ್ಚಳ ಬಿರಿಯುತ್ತದೆ. ನಡುವೆ ಡಿವೈಡರ್, ಹೂಕುಂಡ, ಸ್ವಾಗತ ಕಮಾನು ಒಂದೂ ಇರಬಾರದು. ದುಡ್ಡಿದ್ದರೆ ಮೊದಲು ಕರೆಂಟ್ ತಂತಿಗಳನ್ನು ನೆಲದಡಿಗೆ ಹಾಕಿಸಿ. ಪ್ರತಿ ಜಾತ್ರೆಗೂ ತಂತಿ ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ, ಕಲ್ಲುಹಾಸು ಆಮೇಲೆ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ಕಾರ್ತಿಕದ ಕೊನೆಯ ಸೋಮವಾರ, ರಸ್ತೆಯಂಚಿನಲ್ಲಿ ಕಾಯಿಯ ರಾಶಿ ಸುರಿದು ಸೇರಿನಲ್ಲಿ ಅಳೆಯುತ್ತಾರೆ. ಅಲ್ಲಿಗೆ ಬೇಕಾದದ್ದು ಸಮತಟ್ಟಾದ ಅಗಲ ಅಂಚು, ಅಷ್ಟೇ. ಅದನ್ನು ತುಂಡರಿಸುವ ಬೊಲ್ಲಾರ್ಡ್ (ವಾಹನ ತಡೆಯುವ ಗಿಡ್ಡ ಕಂಬ), ಬೆಂಚು, ಗಿಡದ ತೊಟ್ಟಿ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಬಯಲು ರಂಗಮಂದಿರವೋ, ಬರೀ ಬಯಲೋ

ರಂಗಮಂದಿರದ ಬೇಡಿಕೆಯೊಳಗೆ ಎರಡು ಬೇರೆ ಬೇಡಿಕೆಗಳಿರುತ್ತವೆ. ನಾಟಕ ತಂಡಗಳು ವರ್ಷವಿಡೀ ಇರುವ ಊರಾದರೆ, ಬೆಂಗಳೂರಿನ ಸಂಸ ಬಯಲು ರಂಗಮಂದಿರ, ಮೈಸೂರು ರಂಗಾಯಣದ ವನರಂಗದಂಥದ್ದು ಸಾರ್ಥಕ. ಯಕ್ಷಗಾನ ಮೇಳದವರು ಬರುವ ಊರಾದರೆ ಅವರ ರಂಗಸ್ಥಳವನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಬೇಕಾದದ್ದು ಗಟ್ಟಿ ನೆಲ, ಚೌಕಿಗೆ (ವೇಷ ಕಟ್ಟಿಕೊಳ್ಳಲು) ಜಾಗ, ಕರೆಂಟ್, ನೀರು, ಶೌಚಾಲಯ. ಐದಡಿ ಎತ್ತರದ ಕಾಂಕ್ರೀಟ್ ವೇದಿಕೆ ಅವರಿಗೆ ಅಡ್ಡಿಯೇ. ಡೊಳ್ಳು, ವೀರಗಾಸೆಗೂ ಅಷ್ಟೇ, ನೆಲದ ಮೇಲೆ ಜನರ ನಡುವೆ ಕುಣಿಯುವ ಕಲೆಗಳವು.

ಶಿರಸಿಯ ಬಿಡಕಿಬೈಲು ಇದಕ್ಕೆ ಒಳ್ಳೆಯ ಸಾಕ್ಷಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಗೆ ದೇವಿ ಬಂದು ಕೂರುವುದು ಪೇಟೆಯ ನಡುವಿನ ಆ ಬಯಲಿನಲ್ಲಿ. ಆ ದಿನಗಳಲ್ಲಿ ಅದು ಇಡೀ ಸೀಮೆಯ ಕೇಂದ್ರ, ಉಳಿದಂತೆ ದಿನನಿತ್ಯದ ವಹಿವಾಟಿನ ಜಾಗ. ಪೇಟೆಯ ನಡುವೆ ಬಯಲು ಕಂಡರೆ ಅಧಿಕಾರಿಗಳಿಗೆ ಉದ್ಯಾನವನ ಮಾಡುವ ಆಸೆ ಹುಟ್ಟುತ್ತದೆ. ಕೆಲವೊಮ್ಮೆ ಏನನ್ನೂ ಕಟ್ಟದಿರುವುದೇ ಯೋಜನೆ. ದಾಖಲೆಯಲ್ಲಿ ಅದನ್ನು ಬಯಲೆಂದೇ ನಮೂದಿಸಿ, 1985ರ ಉದ್ಯಾನ–ಆಟದ ಮೈದಾನ–ತೆರೆದ ಜಾಗಗಳ ಕಾಯ್ದೆಯಡಿ ಪಟ್ಟಿಗೆ ಸೇರಿಸಿದರೆ ಮುಂದೆ ವಾಣಿಜ್ಯ ಸಂಕೀರ್ಣ ಏಳುವುದನ್ನು ತಡೆಯಲು ಒಂದು ಆಸರೆ.

ಹಾಗಾದರೆ ಯಾವುದು?

ಕೈಯಲ್ಲಿ ಕೆಲವೇ ಲಕ್ಷವಿದ್ದು ಸಮಯವೂ ಕಡಿಮೆಯಿದ್ದರೆ ಕಟ್ಟೆ. ಅದಕ್ಕೂ ಕಡಿಮೆಯಾದರೆ ಊರಿನದೇ ಕಲಾವಿದರಿಂದ ಒಂದೇ ಒಂದು ಗೋಡೆ, ಹತ್ತಲ್ಲ. ಹಳೆಯ ಬೀದಿಗಳ ಹೆಸರಿನ ಫಲಕವೂ ಅಗ್ಗದ ಆಯ್ಕೆಯೇ. ಅಕ್ಕಿಪೇಟೆ, ಬಳೇಪೇಟೆಯಂಥ ಹೆಸರಿಗೆ ತಕರಾರು ಬರುವುದಿಲ್ಲ, ಜಾತಿಯ ಹೆಸರಿನ ಕೇರಿಗಳಲ್ಲಿ ಮಾತ್ರ ಅಲ್ಲಿನವರನ್ನು ಕೇಳದೆ ಫಲಕ ನೆಡಬೇಡಿ. ತಮ್ಮ ಮನೆ ವಿಳಾಸದಿಂದ ಆ ಹೆಸರು ಹೋದರೆ ಸಾಕೆನ್ನುವವರು ಅಲ್ಲಿರಬಹುದು.

ದುಡ್ಡು ಚೆನ್ನಾಗಿದ್ದು ವಾರದ ಸಂತೆ ಜೀವಂತವಿದ್ದರೆ ಎರಡು ಮಾತಿಲ್ಲ, ಸಂತೆಮಾಳ. ಕಲ್ಯಾಣಿಗೆ ಕೈಹಾಕುವುದು ನೀರಿನ ದಾರಿ ತೆರೆದಿದ್ದರೆ, ಮುಜರಾಯಿ ಅಥವಾ ಪುರಾತತ್ವದವರ ಒಪ್ಪಿಗೆ ಬರಹದಲ್ಲಿದ್ದರೆ, ಒಂದೇ ಆರ್ಥಿಕ ವರ್ಷದಲ್ಲಿ ಮುಗಿಸುವ ಒತ್ತಡವಿಲ್ಲದಿದ್ದರೆ ಮಾತ್ರ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಈ ವರ್ಷ ಕಾಲುವೆ ಬಿಡಿಸುವ ಕೆಲಸವನ್ನಷ್ಟೇ ಮಾಡಿ. ದೊಡ್ಡ ಜಾತ್ರೆಯ ಊರಿಗೆ ಬೀದಿ. ಹೊಸ ಬಡಾವಣೆಯಾಗಿದ್ದು, ಹತ್ತು ಊರಿನಿಂದ ಬಂದವರು ನೆಲೆಸಿ, ಇನ್ನೂ ಯಾವ ಪದ್ಧತಿಯೂ ಬೇರೂರಿಲ್ಲದಿದ್ದರೆ ಗಟ್ಟಿ ನೆಲದ ಬಯಲು, ಸುತ್ತ ನೆರಳಿನ ಮರ, ಒಂದು ಮೂಲೆಗೆ ಕರೆಂಟ್ ಪಾಯಿಂಟ್. ರಾಜ್ಯೋತ್ಸವವೋ, ಗಣೇಶನೋ, ಛಠ್ ಪೂಜೆಯೋ, ಈದ್ ಬಜಾರೋ, ಅಲ್ಲಿ ಏನು ನಡೆಯಬೇಕೆಂದು ಅಲ್ಲಿನವರು ತೀರ್ಮಾನಿಸುತ್ತಾರೆ.

ಆಯ್ಕೆ ಯಾವುದಾದರೂ ಡಿಪಿಆರ್‌ಗೆ (ವಿವರವಾದ ಯೋಜನಾ ವರದಿಗೆ) ಒಪ್ಪಿಗೆ ಕೊಡುವ ಮುನ್ನ ಎಂಜಿನಿಯರ್ ಹತ್ತಿರ ಎರಡು ನಕ್ಷೆ ಕೇಳಿ. ಒಂದು ಸಾಧಾರಣ ದಿನದ್ದು, ಇನ್ನೊಂದು ಜಾತ್ರೆಯ ಅಥವಾ ಸಂತೆಯ ದಿನದ್ದು. ತೇರು ಎಲ್ಲಿ ತಿರುಗುತ್ತದೆ, ಬಳೆ ಅಂಗಡಿ ಎಲ್ಲಿ, ಕಡಲೆಪುರಿಯ ಗಾಡಿ ಎಲ್ಲಿ, ಆಂಬುಲೆನ್ಸ್ ಯಾವ ಕಡೆಯಿಂದ ಬರುತ್ತದೆ, ಗಾಲಿಕುರ್ಚಿಯವರು ಎಲ್ಲಿ ಹತ್ತಬೇಕು, ಇಷ್ಟೂ ಎರಡನೆಯದರಲ್ಲಿ ಇರಲಿ. ಅದನ್ನು ಬರೆಯಲು ಅವರು ಒಪ್ಪದಿದ್ದರೆ ನೀವೇ ಹಾಳೆ ಹಿಡಿದು ಹೂವಿನವರನ್ನೂ ತೇರಿನವರನ್ನೂ ಕೂರಿಸಿಕೊಂಡು ಬರೆದು, ವಾರ್ಡ್ ಸಮಿತಿಯ ನಡಾವಳಿಗೆ ಲಗತ್ತಿಸಿ. ನಡಾವಳಿಯಲ್ಲಿದ್ದರೆ ಮುಂದೆ ಗುತ್ತಿಗೆದಾರರು ಬದಲಾದರೂ ಅದನ್ನು ತೋರಿಸಿ ಕೇಳಬಹುದು.